ಬಳ್ಳಿಗಾವೆಯ ಕಮಲತೆ

ಚಾರಿತ್ರಿಕ ಪ್ರಣಯಕಥೆಯಲ್ಲಿ ಮಾಯಮಂತ್ರಗಳು ಬಂದೊಡನೆ ಮೂಗು ಮುರಿಯುವ ವಿದ್ವಾಂಸರುಂಟು. ನಾನಂತೂ ಅಂಥವನ್ನು ಸವಿದು ಓದುವವನು. ಬಂಕಿಮಚಂದ್ರರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತರುವುದಕ್ಕೆ ಶತಮಾನಗಳ ಮೊದಲೇ ಈ ರುಚಿ ನಮ್ಮಲ್ಲಿತ್ತು. ನಮ್ಮ ಮನೆಯ ಮುಂದಿನ ಸವಳಂಗ ರಸ್ತೆಯನ್ನೇ ಹಿಡಿದು ಶಿಕಾರಿಪುರ ದಾಟಿದರೆ ಬಳ್ಳಿಗಾವೆ. 1047ರ ಗಂಡಭೇರುಂಡ ಸ್ತಂಭ ಇಂದಿಗೂ ನಿಂತಿರುವ ಊರು, ಅಲ್ಲಮನ ಊರು.

ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಮದ್ದಳೆಗಾರ ಅಲ್ಲಮ ಕಮಲತೆಗೆ ಮನಸೋತು ಅವಳೊಡನೆ ಬಾಳುತ್ತಾನೆ. ಅವಳು ಜ್ವರದಿಂದ ತೀರಿಹೋಗುತ್ತಾಳೆ. ದಿಕ್ಕುಗೆಟ್ಟು ಕುಳಿತವನ ಕಾಲುಗುರಿಗೆ ಮಣ್ಣಿನಡಿಯ ಹೊನ್ನ ಕಳಸವೊಂದು ತಾಗುತ್ತದೆ. ಅಗೆಯಿಸಿದರೆ ಹೂತುಹೋದ ಗುಡಿ. ಒಳಗೆ ಅನಿಮಿಷಯೋಗಿ, ಅವನ ಕೈಯಲ್ಲಿ ಲಿಂಗ. ಎಂಥ ಅದ್ಭುತ! ಆದರೂ ಅದು ದುಃಖದ ನೆಲದಿಂದಲೇ ಎದ್ದುಬಂದ ಅದ್ಭುತ.

15ನೆಯ ಶತಮಾನದ ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ಕಮಲತೆಯನ್ನು ಕೈಬಿಟ್ಟ. ಅವಳ ಎಡೆಗೆ ಬಂದವಳು ಪಾರ್ವತಿ ಕಳುಹಿದ ಮಾಯೆ, ಬನವಾಸಿಯ ಅರಸುಮಗಳು. ಅಲ್ಲಮ ಅವಳ ಹಿಡಿತಕ್ಕೇ ಸಿಕ್ಕುವುದಿಲ್ಲ. ಕಾವ್ಯ ಸೊಗಸಾಗಿದೆ, ವೈರಾಗ್ಯದ ಮಹಿಮೆಯೂ ಬೆಳೆದಿದೆ. ಆದರೆ ಜ್ವರದಿಂದ ಸತ್ತ ಹೆಣ್ಣೊಬ್ಬಳು ಕಥೆಯಿಂದಲೇ ಅಳಿಸಿಹೋದಳು. ಪ್ರೀತಿಸಿದವಳನ್ನು ಮಾಯೆಯೆಂದುಬಿಟ್ಟರೆ ಅಳುವವರಾರು?

ಕೇಳುಗರಲ್ಲಿ ಯಾರಾದರೂ ಎರಡನ್ನೂ ಓದುವುದಾದರೆ ದಯವಿಟ್ಟು ಹರಿಹರನಿಂದ ತೊಡಗಬೇಕು.