ಮೊಳೆ ಬರೆದಿಟ್ಟ ಮನೆ

ಹಾಳುಬಿದ್ದ ಹಳೆಯ ಮನೆಗಳ ಜಾಗ ಹುಡುಕಿಕೊಂಡು ಮೆಟಲ್ ಡಿಟೆಕ್ಟರ್ ಹಿಡಿದು ತಿರುಗುವ ಹವ್ಯಾಸ ಅಮೆರಿಕದಲ್ಲಿ ಬಹಳ ಜನಕ್ಕಿದೆ. ಅವರಿಗೆ ಬೇಕಾದದ್ದು ನಾಣ್ಯ, ಉಂಗುರ, ಹಿತ್ತಾಳೆಯ ಗುಂಡಿ. ಆದರೆ ಅಂಥ ಜಾಗದಲ್ಲಿ ಹೆಜ್ಜೆಹೆಜ್ಜೆಗೂ ಸಿಗುವುದು ಕಬ್ಬಿಣ, ಅದರಲ್ಲೂ ತುಕ್ಕು ಹಿಡಿದ ಮೊಳೆ. ಆದ್ದರಿಂದ ಕಬ್ಬಿಣದ ಸದ್ದು ಕಿವಿಗೆ ಬೀಳದಂತೆ ಮಾಡುವ ಏರ್ಪಾಡು ಯಂತ್ರದಲ್ಲೇ ಇರುತ್ತದೆ. ಅದರ ಹೆಸರು ಡಿಸ್ಕ್ರಿಮಿನೇಶನ್. ತಾರತಮ್ಯ ಎಂದೇ ಕನ್ನಡಿಸಬಹುದು.

ವರ್ಜೀನಿಯಾದ ಮಾಂಟ್‌ಪೀಲಿಯರ್ ಎಸ್ಟೇಟಿನಲ್ಲಿ ಈ ತಾರತಮ್ಯವನ್ನು ಬಿಟ್ಟ ಮೇಲೆ ಇತಿಹಾಸ ಕೇಳಿಸತೊಡಗಿತು. ಅದು ಅಮೆರಿಕದ ನಾಲ್ಕನೆಯ ಅಧ್ಯಕ್ಷ, ಸಂವಿಧಾನದ ಶಿಲ್ಪಿ ಎನಿಸಿಕೊಂಡ ಜೇಮ್ಸ್ ಮ್ಯಾಡಿಸನ್‌ನ ಊರಮನೆ. ಅವನ ಇಟ್ಟಿಗೆಯ ಬಂಗಲೆ ಇಂದಿಗೂ ನಿಂತಿದೆ. ಅಲ್ಲಿ ದುಡಿಯುತ್ತಿದ್ದ ನೂರರಷ್ಟು ಗುಲಾಮರ ಮರದ ಮನೆಗಳು ಮಾತ್ರ ನೆಲದ ಮೇಲೆ ಗುರುತೇ ಇಲ್ಲದಂತೆ ಅಳಿದುಹೋದವು. 1836ರಲ್ಲಿ ಮ್ಯಾಡಿಸನ್ ತೀರಿಕೊಂಡ. 1844ರಲ್ಲಿ ಅವನ ಹೆಂಡತಿ ಡಾಲಿ ಎಸ್ಟೇಟನ್ನು ಮಾರಿದಳು. ಅಕ್ಷರ ಕಲಿಯಲು ಬಿಡದ ಜನ ತಮ್ಮ ಮನೆಯ ಬಗ್ಗೆ ಏನನ್ನು ಬರೆದಿಟ್ಟಾರು?

ಅಲ್ಲಿನ ಪುರಾತತ್ತ್ವಜ್ಞ ಮ್ಯಾಥ್ಯೂ ರೀವ್ಸ್, ತನ್ನ ವೃತ್ತಿಯವರು ಕಳ್ಳರೆಂದು ದೂರವಿಡುತ್ತಿದ್ದ ಹವ್ಯಾಸಿಗಳನ್ನೇ ಕರೆಸಿಕೊಂಡ. ಕಾಡು, ಹುಲ್ಲುಗಾವಲುಗಳನ್ನು ಚೌಕಚೌಕವಾಗಿ ಅಳೆದು, ಸದ್ದು ಬಂದ ಕಡೆಯಲ್ಲೆಲ್ಲ ಗುರುತು ಹಾಕಿಸಿದ. ಅವನು ಮುಖ್ಯವಾಗಿ ಹುಡುಕುತ್ತಿದ್ದದ್ದು ಮೊಳೆಗಳನ್ನು.

ಮೊಳೆಗೆ ವಯಸ್ಸು ಹೇಳುವ ಗುಣವಿದೆ. ಕಮ್ಮಾರ ಕೈಯಲ್ಲಿ ಬಡಿದ ಮೊಳೆ ನಾಲ್ಕೂ ಮಗ್ಗುಲಿನಲ್ಲಿ ತುದಿಯತ್ತ ಸಪೂರವಾಗುತ್ತದೆ. 1790ರ ದಶಕದಿಂದ ಬಂದ, ಯಂತ್ರ ಕತ್ತರಿಸಿದ ಮೊಳೆ ಎರಡೇ ಮಗ್ಗುಲಿನಲ್ಲಿ ಸಪೂರ. ಇಂದು ನಾವು ಅಂಗಡಿಯಲ್ಲಿ ಕೊಳ್ಳುವ ದುಂಡನೆಯ ತಂತಿಮೊಳೆ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಮೊಳೆ ಮನೆಯ ಬಗೆಯನ್ನೂ ಹೇಳುತ್ತದೆ. ದಿಮ್ಮಿಗಳನ್ನು ಒಂದರ ಮೇಲೊಂದು ಕಚ್ಚಿಸಿ ಕಟ್ಟಿದ ಮನೆಗೆ ಮೊಳೆ ಕಡಿಮೆ ಸಾಕು. ಚೌಕಟ್ಟು ನಿಲ್ಲಿಸಿ ಹಲಗೆ ಹೊಡೆದ ಮನೆಗೆ ರಾಶಿ ಬೇಕು. ತುದಿ ಮಡಚಿ ಬಡಿದ ಮೊಳೆ ಬಾಗಿಲಿನದೋ ಕಿಟಕಿಯದೋ ಆಗಿರಬಹುದು. ಬೆಂಕಿಯಲ್ಲಿ ಕಾದ ಮೊಳೆಗೆ ತುಕ್ಕು ಅಷ್ಟು ಬೇಗ ಹತ್ತುವುದಿಲ್ಲ, ಹಾಗಾಗಿ ಮನೆ ಸುಟ್ಟದ್ದೂ ತಿಳಿಯುತ್ತದೆ. ಇವೆಲ್ಲ ಎಲ್ಲೆಲ್ಲಿ ಬಿದ್ದಿವೆ ಎಂದು ನಕ್ಷೆಯಲ್ಲಿ ಚುಕ್ಕಿ ಇಟ್ಟರೆ ಹುಲ್ಲಿನಡಿಯ ಮನೆಯ ಜಾಗ ಮೂಡುತ್ತದೆ. ಒಂದು ಮೊಳೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಅದು ಗುಜರಿ, ಅಷ್ಟೇ.

ಇನ್ನೊಂದು ವಿಷಯ ನನ್ನನ್ನು ಬಿಡದೆ ಕಾಡುತ್ತದೆ. ಅದೇ ವರ್ಜೀನಿಯಾದಲ್ಲಿ ಥಾಮಸ್ ಜೆಫರ್ಸನ್ 1794ರಲ್ಲಿ ತನ್ನ ಮಾಂಟಿಚೆಲ್ಲೋ ಎಸ್ಟೇಟಿನಲ್ಲಿ ಮೊಳೆ ಕಾರ್ಖಾನೆ ತೆರೆದ. ಕುಲುಮೆಯ ಮುಂದೆ ನಿಂತವರು 10ರಿಂದ 16 ವರ್ಷದ ಗುಲಾಮ ಹುಡುಗರು. ಯಾವ ಹುಡುಗ ಎಷ್ಟು ಕಬ್ಬಿಣ ಪಡೆದ, ಎಷ್ಟು ಮೊಳೆ ಕೊಟ್ಟ, ಎಷ್ಟು ಪೋಲು ಮಾಡಿದ ಎಂದು ಜೆಫರ್ಸನ್ ಹೆಸರು ಹಿಡಿದು ಲೆಕ್ಕ ಬರೆದ. ಹುಡುಗ ಬಡಿದ ಮೊಳೆಯ ತೂಕಕ್ಕೆ ಕಾಗದವಿದೆ. ಅಂಥವರು ಮಲಗುತ್ತಿದ್ದ ಮನೆಗಳನ್ನು ಮಾತ್ರ ಮಣ್ಣಿನಲ್ಲೇ ಹುಡುಕಬೇಕು.

ಅಮೆರಿಕದ 1979ರ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಜಮೀನಿನಲ್ಲಿ ಅನುಮತಿಯಿಲ್ಲದೆ ಪುರಾತನ ವಸ್ತುಗಳನ್ನು ಅಗೆಯುವುದು ಅಪರಾಧ. ಖಾಸಗಿ ಜಮೀನಿನಲ್ಲಿ ಸಾಮಾನ್ಯವಾಗಿ ಮಾಲೀಕ ಒಪ್ಪಿದರೆ ಸಾಕು. ಇಂಥ ಎಷ್ಟೋ ಮನೆಗಳಿರುವುದು ಖಾಸಗಿ ಜಮೀನಿನಲ್ಲೇ. ಹವ್ಯಾಸಿಗಳನ್ನು ಬೈಯುವುದಕ್ಕಿಂತ ಜೊತೆಗೆ ಕರೆದುಕೊಳ್ಳುವುದು ಲೇಸು ಎಂಬ ರೀವ್ಸ್‌ನ ನಿಲುವು ನನಗೆ ಸರಿ ಎನಿಸುವುದು ಇದಕ್ಕೇ.

ನಮ್ಮ ಕಂದಾಯ ದಾಖಲೆಗಳಲ್ಲಿ ಜನವಸತಿಯಿಲ್ಲದ ಹಳ್ಳಿಗೆ 'ಬೇಚರಾಕ್' ಎನ್ನುತ್ತಾರೆ. ಪಾರಸಿಯ ಬೇ-ಚಿರಾಗ್, ದೀಪವಿಲ್ಲದ್ದು. ಇಂಥ ಹಾಳೂರುಗಳನ್ನು ರಾತ್ರಿ ಅಗೆಯುವವರು ಹುಡುಕುವುದು ನಿಧಿಯನ್ನು. 1878ರ ಬ್ರಿಟಿಷ್ ನಿಧಿ ಕಾಯ್ದೆಗೂ ಬೇಕಾಗಿದ್ದದ್ದು ಅದೇ: ಸಿಕ್ಕಿದ್ದು ಹತ್ತು ರೂಪಾಯಿಗೆ ಮೀರಿದ್ದರೆ ಕಲೆಕ್ಟರಿಗೆ ತಿಳಿಸಬೇಕಿತ್ತು. ಕೇರಿಯ ಗುಡಿಸಲಿನ ಚಿಲಕ, ಮುರಿದ ಕುಡುಗೋಲು, ಎತ್ತಿನ ಲಾಳ ಎಲ್ಲ ಸೇರಿದರೂ ಅಂದು ಹತ್ತು ರೂಪಾಯಿ ಆಗುತ್ತಿರಲಿಲ್ಲ.