ಸಸ್ಯಮೂಲದ ಸೂಕ್ಷ್ಮಾಣುರೋಧಕ ಹೈಡ್ರೋಜೆಲ್‌ಗಳು

ಗಾಯ ವಾಸಿಮಾಡಲು ಬಳಸುವ, ಹೇರಳ ನೀರು ಹೀರಿಯೂ ಕರಗದೆ ಉಳಿಯುವ ಪಾಲಿಮರ್ ಜಾಲಗಳು. ಜಾಲ, ಅದರೊಳಗಿನ ಸೂಕ್ಷ್ಮಾಣುರೋಧಕ ಔಷಧಿ ಅಥವಾ ಎರಡೂ ಸಸ್ಯಗಳಿಂದ ಇಲ್ಲವೇ ಕಡಲಕಳೆಯಿಂದ ಬಂದಿರುತ್ತವೆ.

ಗಾಯಕ್ಕೆ ಜೇನು, ತುಪ್ಪ ಹಚ್ಚುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಆದರೂ ಗಾಯ ಒಣಗಿ ಹಕ್ಕಳೆ ಕಟ್ಟಿದರೇ ಒಳ್ಳೆಯದೆಂಬ ನಂಬಿಕೆ ಆಸ್ಪತ್ರೆಗಳಲ್ಲಿ ಬಹುಕಾಲ ಉಳಿಯಿತು. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪ್ರಯೋಗ ನಡೆಸಿ, ಪಾಲಿಥೀನ್ ಹಾಳೆ ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುತ್ತದೆಂದು ತೋರಿಸಿದರು. ಗಾಯವನ್ನು ತೇವವಾಗಿಟ್ಟು ಮಾಗಿಸುವ ಕ್ಷೇತ್ರದ ನಿಜವಾದ ಆರಂಭ ಇದೇ. ಅದಕ್ಕೆ ಒದಗಬಲ್ಲ ವಸ್ತುವೂ ಆಗಲೇ ಇತ್ತು: ಪ್ರಾಗ್‌ನ ರಸಾಯನಶಾಸ್ತ್ರಜ್ಞರಾದ ಒಟ್ಟೋ ವಿಖ್ಟರ್ಲೆ ಮತ್ತು ದ್ರಾಹೋಸ್ಲಾವ್ ಲಿಮ್ ದೇಹಕ್ಕೆ ಒಗ್ಗುವ ಕೃತಕ ಹೈಡ್ರೋಜೆಲ್ ಅನ್ನು 1960ರಲ್ಲೇ ಪ್ರಕಟಿಸಿದ್ದರು.

ಸ್ಕಾಟ್ಲೆಂಡಿನ ಕಂದು ಕಡಲಕಳೆಯಿಂದ ಇ. ಸಿ. ಸಿ. ಸ್ಟ್ಯಾನ್‌ಫರ್ಡ್ 1880ರ ದಶಕದಲ್ಲಿ ಬೇರ್ಪಡಿಸಿದ ಆಲ್ಜಿನೇಟ್, ಮುಂದೆ ಗಾಯದ ಪಟ್ಟಿಯಾಯಿತು. ಅದರ ಕ್ಯಾಲ್ಸಿಯಂ, ಗಾಯದ ರಸದ ಸೋಡಿಯಂನೊಂದಿಗೆ ಅದಲುಬದಲಾದಂತೆ ಪಟ್ಟಿಯ ನಾರು ಜೆಲ್ ಆಗಿ ಮೆತ್ತಗಾಗುತ್ತದೆ.

ಹೆಚ್ಚು ಗಮನಿಸಬೇಕಾದದ್ದು ಟ್ಯಾನಿಕ್ ಆಮ್ಲದ ಕಥೆ. ಚರ್ಮ ಹದಮಾಡುವ, ಗಿಡಮರಗಳ ಒಗರು ದ್ರವ್ಯಗಳ ಜಾತಿಗೆ ಸೇರಿದ ಈ ಆಮ್ಲವನ್ನು 1925ರಲ್ಲಿ ಡೆಟ್ರಾಯಿಟ್‌ನ ಎಡ್ವರ್ಡ್ ಡೇವಿಡ್ಸನ್ ಸುಟ್ಟಗಾಯಗಳಿಗೆ ಬಳಸಿದರು. ಅದು ಗಾಯದ ಪ್ರೋಟೀನನ್ನು ಗಟ್ಟಿಯಾಗಿಸಿ ಪೊರೆ ಕಟ್ಟುತ್ತಿತ್ತು, ದೇಹದ್ರವ ಸೋರುವುದು ತಗ್ಗುತ್ತಿತ್ತು. ಪದ್ಧತಿ ಬೇಗ ಹಬ್ಬಿತು. ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋದ ಬ್ರಿಟಿಷ್ ವಿಮಾನ ಚಾಲಕರ ಬೆರಳುಗಳು ಅದೇ ಪೊರೆಯಡಿ ಸೆಟೆದು ವಿರೂಪಗೊಂಡಾಗ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮೆಕಿಂಡೋ ಅದನ್ನು ವಿರೋಧಿಸಿ, ಉಪ್ಪುನೀರಿನ ಸ್ನಾನಕ್ಕೆ ಒತ್ತು ಕೊಟ್ಟರು. ಯಕೃತ್ತಿಗೂ ಹಾನಿಯೆಂದು ಕಂಡುಬಂದ ಮೇಲೆ ಬಳಕೆ ನಿಂತಿತು. ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿ ಎನ್ನುವವರು ಈ ಅಧ್ಯಾಯವನ್ನು ಓದಲೇಬೇಕು. ಈಗ ಅದೇ ಆಮ್ಲ ಜೆಲ್‌ನ ಎಳೆಗಳನ್ನು ಬೆಸೆಯುವ ದ್ರವ್ಯವಾಗಿ ಪ್ರಯೋಗಾಲಯಗಳಿಗೆ ಮರಳಿದೆ. ಜಾಲಕ್ಕೆ ಅಂಟಿಕೊಂಡು ನಿಧಾನವಾಗಿ ಹೊರಬರುವುದೇ ಈಗಿನ ವ್ಯತ್ಯಾಸ.

ಭಾರತಕ್ಕೆ ಹತ್ತಿರದ ಉದಾಹರಣೆ ಅರಿಸಿನ. ಅದರಲ್ಲಿರುವ ಕರ್ಕ್ಯುಮಿನ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂಬ ವರದಿ 1949ರಲ್ಲಿ ಬಂತು. ಗಾಯಕ್ಕೆ ಅರಿಸಿನ ಬಳಸುವುದರ ಮೇಲೆ ಅಮೆರಿಕ 1995ರಲ್ಲಿ ಕೊಟ್ಟ ಪೇಟೆಂಟನ್ನು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹಳೆಯ ಬರಹಗಳ ಆಧಾರದಿಂದ ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು. ಆದರೆ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗದು, ಬೆಳಕಿಗೆ ಕೆಡುತ್ತದೆ. ಅದಕ್ಕೇ ಸಂಶೋಧಕರು ಅದನ್ನು ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಸಕ್ಕರೆಯ ಉಂಗುರಗಳಲ್ಲಿ ಅಥವಾ ನ್ಯಾನೋಕಣಗಳಲ್ಲಿ ಅಡಗಿಸಿ ಜೆಲ್‌ಗೆ ಸೇರಿಸುತ್ತಾರೆ. ಇಂಥ ಜೆಲ್‌ಗಳ ಹೆಚ್ಚಿನ ಪರೀಕ್ಷೆಗಳು ಇನ್ನೂ ಪೆಟ್ರಿ ತಟ್ಟೆ ಮತ್ತು ಇಲಿಗಳ ಮಟ್ಟದಲ್ಲಿವೆ. ಮಧುಮೇಹಿಗಳ ಕಾಲಿನ ಹಳೆಯ ಹುಣ್ಣುಗಳಲ್ಲಿ ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಲೋಳೆಪದರದೊಳಗೆ ಅಡಗಿರುವುದರಿಂದ, ತಟ್ಟೆಯಲ್ಲಿ ಗೆದ್ದ ಜೆಲ್ ಅಲ್ಲಿಯೂ ಗೆಲ್ಲುತ್ತದೆ ಎನ್ನಲಾಗದು.