ಅಮೇರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಮರಣಗಳ ಭೌಗೋಳಿಕ ವ್ಯತ್ಯಾಸ

ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ನಿಂದ ಉಂಟಾಗುವ ಮರಣಗಳ ಪ್ರಮಾಣವು ಪ್ರದೇಶದಿಂದ ಪ್ರದೇಶಕ್ಕೆ ಗಣನೀಯವಾಗಿ ಬದಲಾಗುತ್ತದೆ. ದೇಶದಲ್ಲಿ ಪ್ರತಿವರ್ಷ ಸುಮಾರು 1.5 ಲಕ್ಷ ಜನರಲ್ಲಿ ಈ ರೋಗ ಪತ್ತೆಯಾಗುತ್ತದೆ ಮತ್ತು 50,000ಕ್ಕೂ ಹೆಚ್ಚು ಜನರು ಇದರಿಂದ ಮರಣ ಹೊಂದುತ್ತಾರೆ. 1970ರಿಂದೀಚೆಗೆ ರಾಷ್ಟ್ರೀಯ ಮರಣ ಪ್ರಮಾಣವು ಅರ್ಧಕ್ಕಿಂತಲೂ ಹೆಚ್ಚು ಇಳಿದಿದೆ. ಆದರೆ ಈ ಇಳಿಕೆ ಎಲ್ಲ ಪ್ರದೇಶಗಳಲ್ಲೂ ಒಂದೇ ವೇಗದಲ್ಲಿ ಆಗಲಿಲ್ಲ.

ಪ್ರದೇಶಗಳನ್ನು ಹೋಲಿಸುವಾಗ ಒಟ್ಟು ಮರಣಗಳ ಸಂಖ್ಯೆಯ ಬದಲು, ವಯಸ್ಸಿನ ವ್ಯತ್ಯಾಸವನ್ನು ಸರಿಹೊಂದಿಸಿ ಒಂದು ಲಕ್ಷ ಜನಸಂಖ್ಯೆಗೆ ಲೆಕ್ಕ ಹಾಕಿದ ಪ್ರಮಾಣವನ್ನು ಬಳಸಲಾಗುತ್ತದೆ. ಹೀಗೆ ಮಾಡದಿದ್ದರೆ ವೃದ್ಧರು ಹೆಚ್ಚಾಗಿ ನೆಲೆಸಿರುವ ಫ್ಲೋರಿಡಾದಂತಹ ರಾಜ್ಯವು ಅಪಾಯಕಾರಿಯೆಂದು ತಪ್ಪಾಗಿ ಕಾಣಬಹುದು.

ಹಿನ್ನೆಲೆ

1970ರ ದಶಕದ ಆರಂಭದಲ್ಲಿ ಈ ಕ್ಯಾನ್ಸರ್‌ನಿಂದ ಅತಿ ಹೆಚ್ಚು ಮರಣಗಳು ಸಂಭವಿಸುತ್ತಿದ್ದುದು ಈಶಾನ್ಯದ ನಗರಪ್ರಧಾನ, ಶ್ರೀಮಂತ ರಾಜ್ಯಗಳಲ್ಲಿ. ದಕ್ಷಿಣದ ಬಡ ಗ್ರಾಮೀಣ ಪ್ರದೇಶಗಳಲ್ಲಿ ಪ್ರಮಾಣ ಕಡಿಮೆಯಿತ್ತು. ಮುಂದಿನ ನಾಲ್ಕು ದಶಕಗಳಲ್ಲಿ ಈ ನಕ್ಷೆ ತಲೆಕೆಳಗಾಯಿತು. ಈಶಾನ್ಯದಲ್ಲಿ ಮರಣ ಪ್ರಮಾಣ ತೀವ್ರವಾಗಿ ಕುಸಿದರೆ, ದಕ್ಷಿಣದ ಹಲವು ಭಾಗಗಳಲ್ಲಿ ಇಳಿಕೆ ತಡವಾಗಿ ಮತ್ತು ನಿಧಾನವಾಗಿ ಕಂಡುಬಂದಿತು.

ರೋಗದ ಸ್ವರೂಪ ಈ ಬದಲಾವಣೆಯನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ಬಹುತೇಕ ಪ್ರಕರಣಗಳಲ್ಲಿ ಕರುಳಿನ ಒಳಪದರದಲ್ಲಿ ಮೂಡುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಿ ಬೆಳೆಯಲು ಸುಮಾರು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಅವಧಿಯಲ್ಲಿ ಕೊಲೊನೋಸ್ಕೋಪಿಯ ಮೂಲಕ ಅದನ್ನು ತೆಗೆದುಹಾಕಿದರೆ ರೋಗವೇ ಬರುವುದಿಲ್ಲ. ಕ್ಯಾನ್ಸರ್ ಕರುಳಿನಲ್ಲಷ್ಟೇ ಇರುವಾಗ ಪತ್ತೆಯಾದರೆ ಸುಮಾರು ಶೇ. 90ರಷ್ಟು ರೋಗಿಗಳು ಐದು ವರ್ಷಗಳ ನಂತರವೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಈ ಪ್ರಮಾಣ ಸುಮಾರು ಶೇ. 15ಕ್ಕೆ ಇಳಿಯುತ್ತದೆ. ತಪಾಸಣೆಯ ವಿಧಾನಗಳು ಬಳಕೆಗೆ ಬಂದಾಗ ಅವು ಮೊದಲು ತಲುಪಿದ್ದು ವಿಮೆ ಮತ್ತು ವೈದ್ಯಕೀಯ ಸೌಲಭ್ಯವಿದ್ದವರನ್ನು. ಹೀಗೆ ಶ್ರೀಮಂತ ಪ್ರದೇಶಗಳ ರೋಗವಾಗಿದ್ದ ಇದು ಬಡ ಪ್ರದೇಶಗಳ ರೋಗವಾಯಿತು.

ಅಧಿಕ ಮರಣದ ಪ್ರದೇಶಗಳು

ಅಮೇರಿಕನ್ ಕ್ಯಾನ್ಸರ್ ಸೊಸೈಟಿಯ ಸಂಶೋಧಕರು 1970ರಿಂದ 2011ರವರೆಗಿನ ಕೌಂಟಿವಾರು ಮರಣ ದಾಖಲೆಗಳನ್ನು ವಿಶ್ಲೇಷಿಸಿ, 2015ರಲ್ಲಿ ಮೂರು ಅಧಿಕ ಮರಣದ ಪ್ರದೇಶಗಳನ್ನು ಗುರುತಿಸಿದರು. ಮೊದಲನೆಯದು ಮಿಸಿಸಿಪ್ಪಿ ನದಿಯ ಕೆಳಭಾಗದ ಬಯಲು. ಇಲ್ಲಿನ 94 ಕೌಂಟಿಗಳಲ್ಲಿ ಮರಣ ಪ್ರಮಾಣ ದೇಶದ ಉಳಿದ ಭಾಗಕ್ಕಿಂತ ಶೇ. 40ರಷ್ಟು ಹೆಚ್ಚಿತ್ತು. ಪಶ್ಚಿಮ-ಮಧ್ಯ ಅಪಲೇಚಿಯದ ಗುಡ್ಡಗಾಡಿನ 107 ಕೌಂಟಿಗಳಲ್ಲಿ ಇದು ಶೇ. 18ರಷ್ಟು, ಪೂರ್ವ ವರ್ಜೀನಿಯ ಮತ್ತು ಉತ್ತರ ಕೆರೊಲಿನಾದ 37 ಕೌಂಟಿಗಳಲ್ಲಿ ಶೇ. 9ರಷ್ಟು ಅಧಿಕವಾಗಿತ್ತು.

ಮಿಸಿಸಿಪ್ಪಿ ಬಯಲಿನಲ್ಲಿ ಕಪ್ಪು ಜನರ ಸಂಖ್ಯೆ ದೊಡ್ಡದು. ಅಪಲೇಚಿಯದ ನಿವಾಸಿಗಳಲ್ಲಿ ಬಹುಪಾಲು ಬಿಳಿಯರು. ಎರಡೂ ಕಡೆ ಸಮಾನವಾಗಿರುವುದು ಬಡತನ. ಆದ್ದರಿಂದ ಜನಾಂಗವೊಂದನ್ನೇ ಕಾರಣವೆಂದು ಹೇಳುವ ವಿವರಣೆ ಸಾಲದು.

ಅಲಾಸ್ಕದ ಮೂಲನಿವಾಸಿಗಳ ಸ್ಥಿತಿ ಪ್ರತ್ಯೇಕವಾದುದು. ಈ ಸಮುದಾಯದಲ್ಲಿ ರೋಗದ ಪ್ರಮಾಣವು ಜಗತ್ತಿನಲ್ಲೇ ಅತ್ಯಧಿಕವಾದವುಗಳಲ್ಲಿ ಒಂದು. ಅನೇಕ ಹಳ್ಳಿಗಳಿಗೆ ರಸ್ತೆಯಿಲ್ಲ. ಕೊಲೊನೋಸ್ಕೋಪಿಗಾಗಿ ವಿಮಾನದಲ್ಲಿ ಪ್ರಯಾಣಿಸಬೇಕಾಗುತ್ತದೆ.

ಕಾರಣಗಳು

ಧೂಮಪಾನ, ಬೊಜ್ಜು, ಮದ್ಯಪಾನ, ದೈಹಿಕ ಚಟುವಟಿಕೆಯ ಕೊರತೆ ಹಾಗೂ ಸಂಸ್ಕರಿಸಿದ ಮಾಂಸದ ಅತಿಯಾದ ಸೇವನೆ ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಇವುಗಳಲ್ಲಿ ಧೂಮಪಾನ ಮತ್ತು ಬೊಜ್ಜು ಮೇಲೆ ಹೇಳಿದ ಪ್ರದೇಶಗಳಲ್ಲಿ ವ್ಯಾಪಕವಾಗಿವೆ. ಆದರೆ ರೋಗ ಬರುವುದು ಬೇರೆ, ಅದರಿಂದ ಸಾಯುವುದು ಬೇರೆ. ವಿಮೆಯ ಅಭಾವ, ತಜ್ಞರ ಕೊರತೆ, ಆಸ್ಪತ್ರೆಗೆ ಇರುವ ದೂರ, ಕೊಲೊನೋಸ್ಕೋಪಿಯ ದಿನ ಕೆಲಸಕ್ಕೆ ರಜೆ ಹಾಕಿ ಜೊತೆಗೊಬ್ಬರನ್ನು ಕರೆದೊಯ್ಯಬೇಕಾದ ಅನಿವಾರ್ಯತೆ, ಇವೆಲ್ಲವೂ ರೋಗಪತ್ತೆಯನ್ನು ಮುಂದೂಡುತ್ತವೆ. ಮನೆಯಲ್ಲೇ ಮಲದ ಮಾದರಿ ಸಂಗ್ರಹಿಸಿ ಕಳುಹಿಸುವ ಪರೀಕ್ಷೆಯು ಇಂತಹ ಕಡೆ ಉಪಯುಕ್ತವಾಗಿದ್ದರೂ, ಅದರಲ್ಲಿ ದೋಷ ಕಂಡುಬಂದರೆ ಕೊಲೊನೋಸ್ಕೋಪಿ ಮಾಡಿಸಲೇಬೇಕು.

ಡೆಲವೇರ್‌ನ ಕಾರ್ಯಕ್ರಮ

ಅಂತರವನ್ನು ಮುಚ್ಚಬಹುದೆಂಬುದಕ್ಕೆ ಡೆಲವೇರ್ ರಾಜ್ಯವನ್ನು ಉದಾಹರಿಸಲಾಗುತ್ತದೆ. ಈ ಸಣ್ಣ ರಾಜ್ಯವು 2000ದ ದಶಕದ ಆರಂಭದಲ್ಲಿ ವಿಮೆಯಿಲ್ಲದವರಿಗೆ ಉಚಿತ ತಪಾಸಣೆ ಒದಗಿಸಿತು, ಕ್ಯಾನ್ಸರ್ ಪತ್ತೆಯಾದವರ ಚಿಕಿತ್ಸಾ ವೆಚ್ಚವನ್ನೂ ಭರಿಸಿತು. ರೋಗಿಗಳಿಗೆ ಸಮಯ ಗೊತ್ತುಪಡಿಸಿ, ಕೊನೆಯವರೆಗೆ ಮಾರ್ಗದರ್ಶನ ಮಾಡಲು ದಾದಿಯರನ್ನು ನೇಮಿಸಲಾಯಿತು. 2002ರಿಂದ 2009ರ ನಡುವೆ ಕಪ್ಪು ಜನರಲ್ಲಿ ತಪಾಸಣೆಗೆ ಒಳಗಾದವರ ಪ್ರಮಾಣ ಶೇ. 48ರಿಂದ 74ಕ್ಕೆ ಏರಿ ಬಿಳಿಯರ ಪ್ರಮಾಣಕ್ಕೆ ಸಮನಾಯಿತು. ಅವರಲ್ಲಿ ಮರಣ ಪ್ರಮಾಣ ಶೇ. 42ರಷ್ಟು ಇಳಿದು, ಎರಡು ಸಮುದಾಯಗಳ ನಡುವಿನ ಅಂತರ ಬಹುತೇಕ ಇಲ್ಲವಾಯಿತು.

ಇತ್ತೀಚಿನ ಕ್ರಮಗಳು

2010ರ ಆರೋಗ್ಯ ವಿಮಾ ಕಾಯ್ದೆಯು ಬಡವರ ಸರಕಾರಿ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸಿತಾದರೂ, 2012ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದು ರಾಜ್ಯಗಳ ಐಚ್ಛಿಕ ವಿಷಯವಾಯಿತು. ಅಪಲೇಚಿಯದ ಕೆಂಟಕಿ ಮತ್ತು ಪಶ್ಚಿಮ ವರ್ಜೀನಿಯ 2014ರಲ್ಲೇ ವಿಸ್ತರಣೆಯನ್ನು ಒಪ್ಪಿಕೊಂಡವು, ಲೂಯಿಸಿಯಾನ 2016ರಲ್ಲಿ ಒಪ್ಪಿಕೊಂಡಿತು, ಮಿಸಿಸಿಪ್ಪಿ ನಿರಾಕರಿಸಿತು. 2021ರಲ್ಲಿ ರಾಷ್ಟ್ರೀಯ ತಜ್ಞರ ಕಾರ್ಯಪಡೆಯು ತಪಾಸಣೆ ಆರಂಭಿಸಬೇಕಾದ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು.